ಕಸಿಯ ನಂತರದ 28 ತಿಂಗಳು: ರೋಗನಿರೋಧಕ ವ್ಯವಸ್ಥೆ ಮರಳಿ ಕಟ್ಟಿಕೊಂಡ ಬಗೆಯ ಪ್ರಕರಣ ಅಧ್ಯಯನ

ಸ್ಟೆಮ್ ಸೆಲ್ ಕಸಿಯಾದ 103ನೇ ದಿನ ಕೈಗೆ ಬಂದ ವರದಿಯಲ್ಲಿ ಬಿಳಿ ರಕ್ತಕಣಗಳ ಒಟ್ಟು ಸಂಖ್ಯೆ 5,900 ಇತ್ತು. ಆರೋಗ್ಯವಂತರಲ್ಲಿ ಇರುವಷ್ಟೇ ಇದ್ದುದರಿಂದ ರೋಗಿಗೂ ಮನೆಯವರಿಗೂ ದೊಡ್ಡ ಸಮಾಧಾನವಾಯಿತು. ಅದೇ ಹಾಳೆಯಲ್ಲಿ ನಾಲ್ಕು ಸಾಲು ಕೆಳಗೆ ಲಿಂಫೋಸೈಟ್‌ಗಳು, ಅಂದರೆ ವೈರಸ್‌ನಂತಹ ಸೋಂಕುಗಳನ್ನು ಎದುರಿಸುವ ಬಗೆಯ ಬಿಳಿ ರಕ್ತಕಣಗಳು, ಶೇಕಡಾ 7 ಎಂದು ಬರೆದಿತ್ತು. ಲೆಕ್ಕ ಹಾಕಿದರೆ ಸುಮಾರು 410. ಆ ಸಾಲನ್ನು ಯಾರೂ ಲೆಕ್ಕ ಹಾಕಿ ನೋಡಲಿಲ್ಲ. ಮುಂದಿನ ಒಂದು ತಿಂಗಳಲ್ಲಿ ಆದದ್ದೆಲ್ಲವೂ ಆ ಸಾಲಿನಲ್ಲಿ ಮೊದಲೇ ಇತ್ತು ಎಂದು ಹೇಳಿದರೆ ಅದು ಅತಿಶಯೋಕ್ತಿಯಾಗದು.

ಇಲ್ಲಿ ವಿವರಿಸುವ ರೋಗಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ರಕ್ತಕ್ಯಾನ್ಸರ್‌ಗೆ ಬೇರೊಬ್ಬರ ಸ್ಟೆಮ್ ಸೆಲ್ ಪಡೆದವರಲ್ಲಿ ಮತ್ತೆ ಮತ್ತೆ ಕಾಣಸಿಗುವ ಹಾದಿಯನ್ನು ಒಂದೇ ಕಥನದಲ್ಲಿ ಜೋಡಿಸಿ, ಅಂಕಿಗಳನ್ನು ಆ ಹಾದಿಗೆ ತಕ್ಕಂತೆ ಇಟ್ಟು ಈ ಪ್ರಕರಣವನ್ನು ರೂಪಿಸಲಾಗಿದೆ. ಔಷಧ, ಮಾರ್ಗಸೂಚಿ, ಕೋಶಗಳ ನಡವಳಿಕೆ ಇವು ಮಾತ್ರ ವಾಸ್ತವದವು. ಬೇರೆ ಉಲ್ಲೇಖವಿಲ್ಲದ ಕಡೆ ಕೋಶಗಳ ಸಂಖ್ಯೆಯನ್ನು ಪ್ರತಿ ಮೈಕ್ರೋಲೀಟರ್ ರಕ್ತಕ್ಕೆ ಎಂದು ಓದಿಕೊಳ್ಳಬೇಕು.

ರೋಗಿ 41 ವರ್ಷದ ಮಹಿಳೆ. ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ ಪತ್ತೆಯಾಗಿ, ಕೀಮೊಥೆರಪಿಯಿಂದ ರೋಗ ಹತೋಟಿಗೆ ಬಂದಿತ್ತು. ಆದರೆ ಜೀನ್ ಪರೀಕ್ಷೆಯಲ್ಲಿ ರೋಗ ಮರುಕಳಿಸುವ ಸಾಧ್ಯತೆಯನ್ನು ಹೆಚ್ಚಿಸುವ ಬದಲಾವಣೆಗಳು ಕಂಡಿದ್ದರಿಂದ ಮೊದಲ ಉಪಶಮನದಲ್ಲೇ ಕಸಿ ಮಾಡುವುದೆಂದು ತೀರ್ಮಾನವಾಯಿತು. ಎಚ್‌ಎಲ್‌ಎ, ಅಂದರೆ ದೇಹ ತನ್ನದು ಯಾವುದೆಂದು ತಿಳಿಯಲು ನೆರವಾಗುವ ಕೋಶಗಳ ಮೇಲಿನ ಗುರುತುಗಳು, ಪೂರ್ತಿ ಹೊಂದುವ ದಾನಿ ಸಿಗಲಿಲ್ಲ. ಅರ್ಧ ಹೊಂದುವ ತಮ್ಮ ದಾನಿಯಾದ. ಇಂತಹ ಅರ್ಧ ಹೊಂದಾಣಿಕೆಯ ಕಸಿ ಒಂದು ಕಾಲದಲ್ಲಿ ತೀರಾ ಅಪಾಯಕಾರಿಯಾಗಿತ್ತು; ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ ಬೆಳೆಸಿದ ವಿಧಾನ, ಅಂದರೆ ಕಸಿಯಾದ 3 ಮತ್ತು 4ನೇ ದಿನ ಸೈಕ್ಲೋಫಾಸ್ಫಮೈಡ್ ಎಂಬ ಕೀಮೊಥೆರಪಿ ಔಷಧ ಕೊಡುವ ವಿಧಾನ, ಅದನ್ನು ಜಗತ್ತಿನಾದ್ಯಂತ ಸಾಧ್ಯವಾಗಿಸಿದೆ. ರೋಗಿಯ ದೇಹವನ್ನು ಕಂಡು ಕೆರಳಿ ವೇಗವಾಗಿ ವಿಭಜನೆಗೊಳ್ಳುತ್ತಿರುವ ದಾನಿಯ ಟಿ ಕೋಶಗಳು (ಲಿಂಫೋಸೈಟ್‌ಗಳ ಒಂದು ಬಗೆ) ಆ ಎರಡು ದಿನಗಳಲ್ಲಿ ಹೆಚ್ಚಾಗಿ ನಾಶವಾಗುತ್ತವೆ. ಸ್ಟೆಮ್ ಸೆಲ್‌ಗಳಲ್ಲಿ ಈ ಔಷಧವನ್ನು ನಿಷ್ಕ್ರಿಯಗೊಳಿಸುವ ಕಿಣ್ವ ಸಾಕಷ್ಟು ಇರುವುದರಿಂದ ಅವು ಉಳಿದುಕೊಳ್ಳುತ್ತವೆ.

ಕಸಿಗೆ ಮುಂಚಿನ ದಾಖಲೆಯಲ್ಲಿದ್ದ ಒಂದು ಸಣ್ಣ ಅಂಶವನ್ನು ಇಲ್ಲೇ ಹೇಳಿಬಿಡಬೇಕು. ಸೈಟೊಮೆಗಲೋವೈರಸ್, ಅಂದರೆ ಸಿಎಮ್‌ವಿ, ರೋಗಿಯ ದೇಹದಲ್ಲಿ ಹಿಂದೆಂದೋ ಸೇರಿ ಸುಪ್ತವಾಗಿತ್ತು. ತಮ್ಮನಿಗೆ ಆ ಸೋಂಕು ಎಂದೂ ತಗುಲಿರಲಿಲ್ಲ. ಮೇಲುನೋಟಕ್ಕೆ ಸೋಂಕಿಲ್ಲದ ದಾನಿಯೇ ಒಳ್ಳೆಯವನೆನಿಸಬಹುದು. ಇಲ್ಲಿ ಲೆಕ್ಕ ತಿರುಗುಮುರುಗು. ವೈರಸ್ ಅಕ್ಕನ ದೇಹದಲ್ಲಿದೆ, ಅದನ್ನು ಕಾಯಬೇಕಾದ ಕೋಶಗಳು ಇನ್ನು ಮುಂದೆ ತಮ್ಮನವು, ಮತ್ತು ಆ ಕೋಶಗಳು ಆ ವೈರಸ್ಸನ್ನು ಒಮ್ಮೆಯೂ ಕಂಡಿಲ್ಲ. ಸಿಎಮ್‌ವಿ ವಿಚಾರದಲ್ಲಿ ಅತ್ಯಂತ ಎಚ್ಚರ ಬೇಕಾದ ಜೋಡಿಗಳಲ್ಲಿ ಇದು ಒಂದು.

ಮೊದಲ 100 ದಿನ

ಆರಂಭದ ದಿನಗಳು ನಿರೀಕ್ಷೆಯಂತೆಯೇ ನಡೆದವು. 18ನೇ ದಿನದ ಹೊತ್ತಿಗೆ ನ್ಯೂಟ್ರೋಫಿಲ್‌ಗಳು ಸತತ ಮೂರು ದಿನ 500ಕ್ಕಿಂತ ಮೇಲೆ ನಿಂತು ಕಸಿ ಹಿಡಿದಿದೆ ಎಂದು ದಾಖಲಾಯಿತು. 27ನೇ ದಿನ ಪ್ಲೇಟ್‌ಲೆಟ್ ಕೊಡುವ ಅಗತ್ಯ ತಪ್ಪಿತು. 30ನೇ ದಿನದ ಪರೀಕ್ಷೆಯಲ್ಲಿ ರಕ್ತ ತಯಾರಿಸುತ್ತಿದ್ದ ಕೋಶಗಳೆಲ್ಲ ದಾನಿಯವೇ ಎಂದು ತಿಳಿಯಿತು, ರೋಗಿ ಮನೆಗೆ ಹೋದರು.

'ಕಸಿ ಹಿಡಿಯಿತು' ಎಂಬ ಮಾತಿಗೆ ಇರುವ ಅರ್ಥ ಇಷ್ಟೇ: ದಾನಿಯ ಸ್ಟೆಮ್ ಸೆಲ್‌ಗಳು ಅಸ್ಥಿಮಜ್ಜೆಯಲ್ಲಿ ನೆಲೆಯೂರಿ ರಕ್ತಕಣ ತಯಾರಿಸತೊಡಗಿವೆ. ಬ್ಯಾಕ್ಟೀರಿಯಾಗಳನ್ನು ನುಂಗುವ ನ್ಯೂಟ್ರೋಫಿಲ್ ಹುಟ್ಟಿದ ಕೂಡಲೇ ಕೆಲಸಕ್ಕೆ ಇಳಿಯಬಲ್ಲದು. ಅದಕ್ಕೆ ಪಾಠ ಬೇಕಿಲ್ಲ. ಅದರ ಬೆನ್ನಿಗೇ ಬರುವ, ಸೋಂಕಾದ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳು ಲಿಂಫೋಸೈಟ್‌ಗಳಲ್ಲೆಲ್ಲ ಮೊದಲು ಸಂಖ್ಯೆಯಲ್ಲಿ ಚೇತರಿಸಿಕೊಳ್ಳುತ್ತವೆ, ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ; ಆದರೆ ಈ ವಿಧದ ಕಸಿಯಲ್ಲಿ ದಾನಿಯೊಂದಿಗೆ ಬಂದ ಪ್ರೌಢ ಎನ್‌ಕೆ ಕೋಶಗಳನ್ನೂ ಸೈಕ್ಲೋಫಾಸ್ಫಮೈಡ್ ಕೊಲ್ಲುವುದರಿಂದ, ಮೊದಲ ತಿಂಗಳುಗಳಲ್ಲಿ ಕಾಣುವವು ಇನ್ನೂ ಎಳಸಾದವು. ಟಿ ಮತ್ತು ಬಿ ಕೋಶಗಳ ಕಥೆಯೇ ಬೇರೆ. ಅವು ಒಂದೊಂದು ಸೂಕ್ಷ್ಮಜೀವಿಯನ್ನೂ ಗುರುತು ಹಿಡಿದು ನೆನಪಿಟ್ಟುಕೊಳ್ಳುವ ಕೋಶಗಳು. ಅವು ಹುಟ್ಟಿದರಷ್ಟೇ ಸಾಲದು, ತರಬೇತಾಗಬೇಕು, ಪರಸ್ಪರ ನೆರವಾಗಬೇಕು. ಬಾಲ್ಯದಿಂದ ನಲವತ್ತು ವರ್ಷ ಕೂಡಿಟ್ಟ ಆ ನೆನಪು ಈ ರೋಗಿಯಲ್ಲಿ ಬಹುಪಾಲು ಅಳಿಸಿಹೋಗಿತ್ತು.

52ನೇ ದಿನ ತೋಳು ಮತ್ತು ಎದೆಯ ಮೇಲೆ ಕೆಂಪು ಗಂಧೆಗಳು ಎದ್ದವು, ಜೊತೆಗೆ ದಿನಕ್ಕೆ ಸುಮಾರು 700 ಮಿಲಿಲೀಟರಿನಷ್ಟು ನೀರುಭೇದಿ. ಕರುಳಿನ ತುಣುಕಿನ ಪರೀಕ್ಷೆಯಲ್ಲಿ ಸಿಎಮ್‌ವಿ ಇರಲಿಲ್ಲ. ದಾನಿಯ ಟಿ ಕೋಶಗಳು ರೋಗಿಯ ದೇಹವನ್ನು ಪರಕೀಯವೆಂದು ಬಗೆದು ಆಕ್ರಮಿಸುವ ಜಿವಿಎಚ್‌ಡಿ, ಎರಡನೇ ದರ್ಜೆಯದು, ಎಂದು ಖಚಿತವಾಯಿತು. ಸ್ಟೀರಾಯ್ಡ್ ಆರಂಭವಾಯಿತು, ಒಂದು ವಾರದಲ್ಲಿ ಭೇದಿ ನಿಂತಿತು. ಇದು ಸರಿಯಾದ ಚಿಕಿತ್ಸೆಯೇ. ಆದರೂ ರೋಗನಿರೋಧಕ ವ್ಯವಸ್ಥೆಯ ದೃಷ್ಟಿಯಿಂದ ಇಲ್ಲಿ ಎರಡು ಪೆಟ್ಟು ಒಟ್ಟಿಗೇ ಬಿದ್ದವು. ಸ್ಟೀರಾಯ್ಡ್ ಲಿಂಫೋಸೈಟ್‌ಗಳನ್ನು ಕುಗ್ಗಿಸಿತು; ಜಿವಿಎಚ್‌ಡಿ ತಾನೇ ಥೈಮಸ್ ಗ್ರಂಥಿಯ ಅಂಗಾಂಶವನ್ನು ಹಾನಿಗೊಳಿಸಬಲ್ಲದು, ಮತ್ತು ಹೊಸ ಟಿ ಕೋಶಗಳು ತರಬೇತಾಗುವ ಜಾಗ ಅದೊಂದೇ. ಚರ್ಮದ ಮೇಲಿನ ಗಂಧೆ ಕಣ್ಣಿಗೆ ಕಾಣುತ್ತದೆ, ಥೈಮಸ್ಸಿಗೆ ಆದ ಗಾಯವನ್ನು ಹೇಳುವವರಿಲ್ಲ.

103ನೇ ದಿನ

ಸಿಎಮ್‌ವಿ ತಲೆಯೆತ್ತದಂತೆ ರೋಗಿಗೆ ಮೊದಲಿನಿಂದ ಲೆಟರ್ಮೊವಿರ್ ಕೊಡಲಾಗುತ್ತಿತ್ತು. ಅಮೆರಿಕದಲ್ಲಿ 2017ರಲ್ಲಿ ಈ ಔಷಧಕ್ಕೆ ಅನುಮತಿ ದೊರೆತಾಗ ಅದನ್ನು 100ನೇ ದಿನದವರೆಗೆ ಕೊಡುವುದೆಂದಿತ್ತು. ತಡವಾಗಿ ಸೋಂಕು ಮರುಕಳಿಸುವ ಅಪಾಯವಿರುವವರಿಗೆ 200ನೇ ದಿನದವರೆಗೂ ಮುಂದುವರಿಸಲು 2023ರಲ್ಲಿ ಅನುಮತಿ ವಿಸ್ತರಣೆಯಾಯಿತು. ಈ ರೋಗಿಗೆ ಹಳೆಯ ಅವಧಿಯನ್ನೇ ಅನುಸರಿಸಲಾಯಿತು. 100 ದಿನ ಮುಗಿಯಿತು, ಮಾತ್ರೆ ನಿಂತಿತು, ವಾರಕ್ಕೊಮ್ಮೆ ಮಾಡುತ್ತಿದ್ದ ಪಿಸಿಆರ್ ಪರೀಕ್ಷೆ ಎರಡು ವಾರಕ್ಕೊಮ್ಮೆ ಆಯಿತು.

100ನೇ ದಿನ ಎಂಬುದು ಕಸಿ ವೈದ್ಯಕೀಯದಲ್ಲಿ ಒಂದು ರೂಢಿಯ ಗಡಿ. ದೇಹಕ್ಕೆ ಆ ಗಡಿಯ ಪರಿಚಯವಿಲ್ಲ. ಜಿವಿಎಚ್‌ಡಿಯನ್ನು ಕೂಡ ಹಿಂದೆ ಇದೇ ದಿನದಿಂದ ಅಳೆದು, ಮೊದಲು ಬಂದರೆ ತೀವ್ರ, ಆಮೇಲೆ ಬಂದರೆ ದೀರ್ಘಕಾಲಿಕ ಎಂದು ವಿಂಗಡಿಸುತ್ತಿದ್ದರು. 2005ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆಶ್ರಯದಲ್ಲಿ ಸೇರಿದ ತಜ್ಞರು ದಿನವನ್ನು ಬದಿಗಿಟ್ಟು ಲಕ್ಷಣಗಳನ್ನೇ ಆಧಾರವಾಗಿಸಿದರು. ಔಷಧ ನಿಲ್ಲಿಸುವ ವಿಚಾರದಲ್ಲೂ ಇದೇ ವಿವೇಕ ಬೇಕಿತ್ತು. ಅರ್ಧ ಹೊಂದಾಣಿಕೆಯ ದಾನಿ, ವೈರಸ್ ಕಾಣದ ದಾನಿ, ಜಿವಿಎಚ್‌ಡಿಗೆ ಸ್ಟೀರಾಯ್ಡ್, ಜಿವಿಎಚ್‌ಡಿ ತಡೆಯಲು ಟಿ ಕೋಶಗಳನ್ನು ಕುಗ್ಗಿಸುವ, ಇನ್ನೂ ನಡೆಯುತ್ತಿರುವ ಟ್ಯಾಕ್ರೋಲಿಮಸ್: ಇಷ್ಟೂ ಒಬ್ಬರಲ್ಲೇ ಸೇರಿದ್ದಾಗ ದಿನದ ಲೆಕ್ಕವೊಂದನ್ನೇ ನೋಡಿ ಕಾವಲು ತೆಗೆದದ್ದು ತಪ್ಪು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

"ಕೌಂಟ್ ಎಲ್ಲ ಸರಿಯಾಗಿದೆಯಲ್ಲ ಡಾಕ್ಟರೇ, ಇನ್ನು ಇಷ್ಟೊಂದು ಮಾತ್ರೆ ಯಾಕೆ?" ಎಂದು ಆ ದಿನ ರೋಗಿ ಕೇಳಿದರು. ಕಸಿಯಾದವರಲ್ಲಿ ಈ ಪ್ರಶ್ನೆ ಕೇಳದವರು ವಿರಳ, ಮತ್ತು ಅದಕ್ಕೆ ಅವಸರದ ಉತ್ತರ ಕೊಡಬಾರದು. 5,900ರಲ್ಲಿ ನ್ಯೂಟ್ರೋಫಿಲ್‌ಗಳೇ 4,700 ಇದ್ದವು. ರೋಗಿ ಆಗಲೂ ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೊಲೋನ್ ತೆಗೆದುಕೊಳ್ಳುತ್ತಿದ್ದರು. ಸ್ಟೀರಾಯ್ಡ್ ನ್ಯೂಟ್ರೋಫಿಲ್‌ಗಳನ್ನು ಮಜ್ಜೆಯಿಂದಲೂ ರಕ್ತನಾಳದ ಗೋಡೆಯಿಂದಲೂ ಹೊರಗೆಳೆದು ರಕ್ತದಲ್ಲಿ ಅವುಗಳ ಸಂಖ್ಯೆ ಏರಿಸುತ್ತದೆ, ಅದೇ ಕೈಯಿಂದ ಲಿಂಫೋಸೈಟ್‌ಗಳನ್ನು ಇಳಿಸುತ್ತದೆ. ಹಾಗಾಗಿ ಆ 'ಸರಿಯಾದ' ಸಂಖ್ಯೆ ಚೇತರಿಕೆಯ ಗುರುತಾಗಿದ್ದಷ್ಟೇ ಔಷಧದ ಪರಿಣಾಮವೂ ಆಗಿತ್ತು. ಅಂದು ಲಿಂಫೋಸೈಟ್‌ಗಳ ಉಪವಿಧಗಳನ್ನು ಎಣಿಸುವ ಫ್ಲೋ ಸೈಟೊಮೆಟ್ರಿ ಮಾಡಿಸಿದ್ದರೆ ಮಾತು ಬೇರೆ ದಿಕ್ಕಿಗೆ ಹೋಗುತ್ತಿತ್ತು.

117ನೇ ದಿನದ ಪಿಸಿಆರ್ ವರದಿಯಲ್ಲಿ 'ವೈರಸ್ ಪತ್ತೆಯಾಗಿದೆ, ಅಳೆಯಬಹುದಾದ ಮಟ್ಟಕ್ಕಿಂತ ಕಡಿಮೆ' ಎಂದಿತ್ತು. ಅದನ್ನು 'ಇಲ್ಲ' ಎಂದೇ ಓದಲಾಯಿತು. ಕಾವಲು ಕೋಶಗಳಿರುವವರಲ್ಲಿ ಹಾಗೆ ಓದಿದರೆ ನಡೆಯುತ್ತಿತ್ತು. ಲೆಟರ್ಮೊವಿರ್ ಆಗಷ್ಟೇ ನಿಂತ, ಲಿಂಫೋಸೈಟ್ 410 ಇರುವ ರೋಗಿಯಲ್ಲಿ ಆ ಒಂದು ಸಾಲಿಗೆ ನಾಲ್ಕೈದು ದಿನದಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕಿತ್ತು. ಎರಡು ವಾರ ಕಳೆದು 131ನೇ ದಿನ ರೋಗಿ ಬಂದಾಗ ಸಣ್ಣ ಜ್ವರ, ಏಳಲಾರದಷ್ಟು ಸುಸ್ತು, ಬಿಳಿ ರಕ್ತಕಣ 2,900, ಪ್ಲೇಟ್‌ಲೆಟ್ 92,000. ಸಿಎಮ್‌ವಿ ಪ್ರತಿ ಮಿಲಿಲೀಟರಿಗೆ 6,800 ಅಂತರರಾಷ್ಟ್ರೀಯ ಘಟಕ. ಶ್ವಾಸಕೋಶದ ಸಿ.ಟಿ. ಶುಭ್ರವಾಗಿತ್ತು, ಕಣ್ಣಿನ ಅಕ್ಷಿಪಟಲದಲ್ಲಿ ಗಾಯವಿರಲಿಲ್ಲ. ವೈರಸ್ ಅಂಗಗಳಿಗೆ ಇಳಿಯುವ ಮೊದಲೇ ಕೈಗೆ ಸಿಕ್ಕಿತ್ತು. ಅಂದು ಮೊದಲ ಬಾರಿಗೆ ಉಪವಿಧಗಳ ಎಣಿಕೆಯೂ ಆಯಿತು: ಇತರ ಕೋಶಗಳಿಗೆ ನೆರವಾಗುವ ಸಿಡಿ4 ಟಿ ಕೋಶ 48, ಸೋಂಕಾದ ಕೋಶಗಳನ್ನು ಕೊಲ್ಲುವ ಸಿಡಿ8 ಟಿ ಕೋಶ 170, ಪ್ರತಿಕಾಯ ತಯಾರಿಸುವ ಬಿ ಕೋಶ 3. ಆರೋಗ್ಯವಂತ ವಯಸ್ಕರಲ್ಲಿ ಸಿಡಿ4 ಕೋಶಗಳೇ 500ಕ್ಕಿಂತ ಹೆಚ್ಚಿರುತ್ತವೆ.

ಲೆಟರ್ಮೊವಿರ್ ಬಗ್ಗೆ ಇಲ್ಲೊಂದು ಮಾತು. ಆ ಔಷಧ ವೈರಸ್ಸನ್ನು ಚೆನ್ನಾಗಿ ತಡೆಯುತ್ತದೆ, ಅದಕ್ಕಾಗಿ ಎಷ್ಟೋ ಜೀವಗಳು ಉಳಿದಿವೆ. ಆದರೆ ವೈರಸ್ಸಿನ ಮುಖವನ್ನೇ ಕಾಣದ ಟಿ ಕೋಶಗಳು ಅದನ್ನು ಎದುರಿಸಲು ಕಲಿಯುವುದು ನಿಧಾನ. ಔಷಧದ ಹೊದಿಕೆ ತೆಗೆದ ದಿನ ಒಳಗೆ ಯಾರೂ ಸಿದ್ಧರಾಗಿರದಿದ್ದರೆ ವೈರಸ್ ತಡವಾಗಿ ಎದ್ದೇಳುತ್ತದೆ. ಸಿಎಮ್‌ವಿಯನ್ನು ಗುರುತಿಸುವ ಟಿ ಕೋಶಗಳು ಇವೆಯೇ ಎಂದು ನೇರವಾಗಿ ನೋಡುವ ಪರೀಕ್ಷೆಗಳಿವೆ: ರಕ್ತದ ಕೋಶಗಳಿಗೆ ವೈರಸ್ಸಿನ ಪ್ರೋಟೀನ್ ತುಣುಕುಗಳನ್ನು ತೋರಿಸಿ ಅವು ಇಂಟರ್‌ಫೆರಾನ್ ಗ್ಯಾಮಾ ಎಂಬ ಸಂಕೇತ ಪ್ರೋಟೀನ್ ಬಿಡುಗಡೆ ಮಾಡುತ್ತವೆಯೇ ಎಂದು ಅಳೆಯುವುದು. ಲಭ್ಯವಿರುವ ಕಡೆಯಲ್ಲೆಲ್ಲ ಔಷಧ ನಿಲ್ಲಿಸುವ ಮೊದಲು ಅದನ್ನು ಕೇಳಿ ಪಡೆಯುವುದು ಒಳ್ಳೆಯದು.

ಎರಡು ಕಡೆಯ ಎಳೆತ

ಸಿಎಮ್‌ವಿಯನ್ನು ಹತ್ತಿಕ್ಕುವ ಗ್ಯಾನ್ಸಿಕ್ಲೋವಿರ್ ಪ್ರತಿ ಕಿಲೋಗೆ 5 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ಆರಂಭವಾಯಿತು. ಅದು ಮಜ್ಜೆಯನ್ನೂ ಕುಗ್ಗಿಸುವ ಔಷಧ. ಈ ಚಿಕಿತ್ಸೆಯ 12ನೇ ದಿನಕ್ಕೆ ವೈರಸ್ 900ಕ್ಕೆ ಇಳಿದಿತ್ತು, ನ್ಯೂಟ್ರೋಫಿಲ್‌ಗಳೂ 540ಕ್ಕೆ ಇಳಿದಿದ್ದವು. ಫಾಸ್ಕಾರ್ನೆಟ್‌ಗೆ ಬದಲಾಯಿಸಲಾಯಿತು. ಅದು ಮಜ್ಜೆಯನ್ನು ಮುಟ್ಟುವುದಿಲ್ಲ, ಆದರೆ ಮೂತ್ರಪಿಂಡವನ್ನು ದಣಿಸುತ್ತದೆ, ಮೆಗ್ನೀಸಿಯಮ್, ಪೊಟ್ಯಾಸಿಯಮ್, ಕ್ಯಾಲ್ಸಿಯಮ್‌ಗಳನ್ನು ಏರುಪೇರು ಮಾಡುತ್ತದೆ, ಟ್ಯಾಕ್ರೋಲಿಮಸ್ ಕೂಡ ಮೂತ್ರಪಿಂಡದ ಮೇಲೆಯೇ ಭಾರ ಹಾಕುತ್ತಿರುವಾಗ ಪ್ರತಿದಿನದ ರಕ್ತಪರೀಕ್ಷೆ, ಪ್ರತಿದಿನದ ಸಲೈನ್ ಅನಿವಾರ್ಯ. ಮೂತ್ರಪಿಂಡ ದಣಿದಂತೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 0.8ರಿಂದ 1.3ಕ್ಕೆ ಏರಿ ನಿಂತಿತು. ಒಟ್ಟು 30 ದಿನಗಳ ನಂತರ ಎರಡು ಪಿಸಿಆರ್‌ಗಳು ಸತತವಾಗಿ ಶೂನ್ಯ ತೋರಿಸಿದವು; ಸಿಡಿ4 ಏರುವವರೆಗೆ ಎಂದು ಲೆಟರ್ಮೊವಿರ್ ಮತ್ತೆ ಆರಂಭವಾಯಿತು. ಲೆಟರ್ಮೊವಿರ್ ಸರ್ಪಸುತ್ತಿನ ವೈರಸ್ಸನ್ನು ತಡೆಯುವುದಿಲ್ಲವಾದ್ದರಿಂದ ನಡುವೆ ನಿಂತಿದ್ದ ಏಸೈಕ್ಲೋವಿರ್ ಅನ್ನೂ ಅದೇ ದಿನ ಮರಳಿ ಬರೆಯಲಾಯಿತು. ಬಿಡುಗಡೆಯ ಚೀಟಿಯಲ್ಲಿ ಸುಲಭವಾಗಿ ಬಿಟ್ಟುಹೋಗುವ ಸಾಲು ಇದು.

ಈ ಪ್ರಕರಣದ ಅತ್ಯಂತ ಕಠಿಣ ತೀರ್ಮಾನ ಯಾವುದೆಂದರೆ ಟ್ಯಾಕ್ರೋಲಿಮಸ್ಸನ್ನು ಏನು ಮಾಡುವುದು ಎಂಬುದು. ಅದನ್ನು ಇಳಿಸಿದರೆ ಟಿ ಕೋಶಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ವೈರಸ್ಸನ್ನು ಹಿಡಿತದಲ್ಲಿಡುವುದೂ, ಎಲ್ಲಾದರೂ ಅಡಗಿರಬಹುದಾದ ಲುಕೇಮಿಯಾ ಕೋಶಗಳನ್ನು ಬೇಟೆಯಾಡುವುದೂ ಅವುಗಳ ಕೆಲಸವೇ. ಇಳಿಸುವ ವೇಗ ಹೆಚ್ಚಾದರೆ ಜಿವಿಎಚ್‌ಡಿ ಮರಳಿ ಬಂದು, ಮತ್ತೆ ಸ್ಟೀರಾಯ್ಡ್ ಬೇಕಾಗಿ, ಆರಂಭದ ಜಾಗಕ್ಕಿಂತ ಹಿಂದಕ್ಕೆ ಹೋಗಬೇಕಾಗುತ್ತದೆ. ಸ್ಟೀರಾಯ್ಡ್ 112ನೇ ದಿನವೇ ಮುಗಿದಿತ್ತು, ಚರ್ಮ ಮತ್ತು ಕರುಳು ಶಾಂತವಾಗಿದ್ದವು. ಹೀಗಾಗಿ ವೈರಸ್ ಹತೋಟಿಗೆ ಬಂದ ಕೂಡಲೇ ಆರಂಭಿಸಿ, ವಾರವಾರವೂ ಸ್ವಲ್ಪಸ್ವಲ್ಪ ಇಳಿಸಿ, 208ನೇ ದಿನ ಟ್ಯಾಕ್ರೋಲಿಮಸ್ ಪೂರ್ತಿ ನಿಲ್ಲಿಸಲಾಯಿತು. ವೈರಸ್ ಎದ್ದ ವಾರವೇ ಗಾಬರಿಯಿಂದ ಅದನ್ನು ಕಿತ್ತುಹಾಕದೆ ಇದ್ದದ್ದು ಈ ರೋಗಿಗೆ ಆದ ದೊಡ್ಡ ಉಪಕಾರ.

ತುಂಬಿದಂತೆ ಕಂಡ ಜಾಗ

ಒಂಬತ್ತನೇ ತಿಂಗಳಲ್ಲಿ ಲಿಂಫೋಸೈಟ್‌ಗಳು 1,600ಕ್ಕೆ ಬಂದವು. ಈ ಬಾರಿ ಉಪವಿಧಗಳನ್ನು ಬಿಡಿಸಿ ನೋಡಲಾಯಿತು, ಮತ್ತು ನೋಡಿದ್ದು ಒಳ್ಳೆಯದಾಯಿತು: ಸಿಡಿ8 ಕೋಶ 1,150, ಸಿಡಿ4 ಕೋಶ 130. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಸಿಡಿ4 ಹೆಚ್ಚು, ಸಿಡಿ8 ಕಡಿಮೆ. ಇಲ್ಲಿ ಅದು ಬುಡಮೇಲಾಗಿತ್ತು.

ಟಿ ಕೋಶಗಳು ಮರಳಲು ಎರಡು ದಾರಿಗಳಿವೆ. ಮೊದಲನೆಯದು, ಕಸಿಯ ಜೊತೆ ಬಂದು ಸೈಕ್ಲೋಫಾಸ್ಫಮೈಡ್‌ನಿಂದಲೂ ಪಾರಾದ ದಾನಿಯ ಪ್ರೌಢ ಟಿ ಕೋಶಗಳು ಖಾಲಿ ಜಾಗ ಕಂಡು ತಮ್ಮನ್ನೇ ತಾವು ಹೆಚ್ಚಿಸಿಕೊಳ್ಳುವುದು. ಲಿಂಫೋಸೈಟ್ ಇಲ್ಲದ ದೇಹದಲ್ಲಿ ಇಂಟರ್‌ಲ್ಯೂಕಿನ್-7 ಮತ್ತು 15 ಎಂಬ ಸಂಕೇತ ಪ್ರೋಟೀನ್‌ಗಳು ಹೇರಳವಾಗಿರುತ್ತವೆ, ಅವು ಈ ಕೋಶಗಳನ್ನು ವಿಭಜನೆಗೆ ತಳ್ಳುತ್ತವೆ. ಅದರ ಮೇಲೆ ಸಿಎಮ್‌ವಿಯಂತಹ ವೈರಸ್ ಕೂಡ ಪ್ರಚೋದಿಸಿದರೆ ಸಿಡಿ8 ಕೋಶಗಳು ನಾಲ್ಕು ಪಟ್ಟು, ಐದು ಪಟ್ಟು ಏರುತ್ತವೆ. ಈ ದಾರಿ ವೇಗದ್ದು, ಆದರೆ ಇಕ್ಕಟ್ಟಿನದು. ಕೆಲವೇ ಕುಲದ ಕೋಶಗಳು ಸಾವಿರ ಸಾವಿರವಾಗಿ ನಕಲಾಗಿರುತ್ತವೆ, ಗುರುತಿಸಬಲ್ಲ ಶತ್ರುಗಳ ಪಟ್ಟಿ ಮಾತ್ರ ಉದ್ದವಾಗಿರುವುದಿಲ್ಲ. ಒಂದೇ ಕಸುಬಿನ ನೂರು ಮನೆಗಳಿರುವ ಊರಿನಂತೆ ಅದು. ಜನ ತುಂಬಿದ್ದಾರೆ, ಬೇರೆ ಕೆಲಸಕ್ಕೆ ಕರೆದರೆ ಯಾರೂ ಇಲ್ಲ. ಈ ರೋಗಿಯ 1,150 ಸಿಡಿ8 ಕೋಶಗಳಲ್ಲಿ ದೊಡ್ಡ ಪಾಲು ಸಿಎಮ್‌ವಿಯ ಕಡೆಗೇ ಮುಖ ಮಾಡಿದ್ದವು. ಆ ವೈರಸ್ ಮತ್ತೆ ಏಳಲಿಲ್ಲ ಎಂಬುದೂ ಸತ್ಯವೇ.

ಎರಡನೆಯದು ಥೈಮಸ್ಸಿನ ದಾರಿ. ದಾನಿಯ ಸ್ಟೆಮ್ ಸೆಲ್‌ಗಳಿಂದ ಹುಟ್ಟಿದ ಎಳೆಯ ಕೋಶಗಳು ರೋಗಿಯ ಥೈಮಸ್ಸಿಗೆ ಹೋಗಿ, ಅಲ್ಲಿ ರೋಗಿಯ ದೇಹವನ್ನು ತನ್ನದೆಂದು ಒಪ್ಪಲು ಕಲಿತು, ಶತ್ರುವನ್ನು ಗುರುತು ಹಿಡಿಯುವ ಹೊಸ ಗ್ರಾಹಕಗಳೊಂದಿಗೆ ಹೊರಬರುತ್ತವೆ. ವೈವಿಧ್ಯ ಬರುವುದು ಇಲ್ಲಿಂದ ಮಾತ್ರ. ಹರೆಯ ಕಳೆದ ಮೇಲೆ ಈ ಗ್ರಂಥಿ ಕುಗ್ಗುತ್ತ ಕೊಬ್ಬಾಗುತ್ತ ಹೋಗುವುದರಿಂದ, ಮಕ್ಕಳಲ್ಲಿ ತಿಂಗಳುಗಳಲ್ಲಿ ಆಗುವ ಕೆಲಸಕ್ಕೆ ವಯಸ್ಕರಲ್ಲಿ ವರ್ಷಗಳೇ ಬೇಕು. 41ರ ವಯಸ್ಸಿನಲ್ಲಿ ಥೈಮಸ್ ಕುಗ್ಗಿರುತ್ತದೆ, ಸತ್ತಿರುವುದಿಲ್ಲ. ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಒಂದು ಜಾಣ ಉಪಾಯವಿದೆ. ಟಿ ಕೋಶ ತನ್ನ ಗ್ರಾಹಕದ ಜೀನನ್ನು ಕತ್ತರಿಸಿ ಜೋಡಿಸುವಾಗ ಡಿಎನ್‌ಎಯ ಒಂದು ಪುಟ್ಟ ಉಂಗುರ ಹೊರಗುಳಿಯುತ್ತದೆ. ಟ್ರೆಕ್ ಎಂದು ಕರೆಯುವ ಆ ಉಂಗುರ ಕೋಶ ವಿಭಜನೆಯಾದಾಗ ನಕಲಾಗುವುದಿಲ್ಲ. ಹಾಗಾಗಿ ಹಳೆಯ ಕೋಶಗಳು ಎಷ್ಟೇ ಹೆಚ್ಚಿದರೂ ಅದು ಹೆಚ್ಚುವುದಿಲ್ಲ, ಹೊಸದಾಗಿ ಥೈಮಸ್ಸಿನಿಂದ ಬಂದ ಕೋಶಗಳಿದ್ದರೆ ಮಾತ್ರ ರಕ್ತದಲ್ಲಿ ಕಾಣುತ್ತದೆ. ಒಂಬತ್ತನೇ ತಿಂಗಳಲ್ಲಿ ಈ ರೋಗಿಯಲ್ಲಿ ಟ್ರೆಕ್ ಕಾಣಲಿಲ್ಲ. ಹದಿನಾಲ್ಕನೇ ತಿಂಗಳಲ್ಲಿ ಮಸುಕಾಗಿ ಕಂಡಿತು. ಆಗ ಸಿಡಿ4 ಕೋಶ 240. ನ್ಯುಮೊಸಿಸ್ಟಿಸ್ ನ್ಯುಮೋನಿಯಾ ತಡೆಯಲು ಅಲ್ಲಿಯವರೆಗೂ ಕೊಡುತ್ತಿದ್ದ ಕೋಟ್ರೈಮಾಕ್ಸಜೋಲ್ ಅನ್ನು, ಸಿಡಿ4 200 ದಾಟಿ ಮುಂದಿನ ಪರೀಕ್ಷೆಯಲ್ಲೂ ಹಾಗೆಯೇ ನಿಂತ ಮೇಲೆ, ನಿಲ್ಲಿಸಲಾಯಿತು. ಕನಿಷ್ಠ ಆರು ತಿಂಗಳು ಎಂಬುದು ಮಾರ್ಗಸೂಚಿಯ ಮಾತು. ಆ 'ಕನಿಷ್ಠ' ಎಂಬ ಪದವನ್ನು ಈ ಬಾರಿ ಗಮನವಿಟ್ಟು ಓದಲಾಯಿತು.

ಪ್ರತಿಕಾಯಗಳು ಯಾರವು?

ಇಷ್ಟರ ನಡುವೆ ಬಿ ಕೋಶಗಳ ಕಡೆಯಿಂದ ಬೇರೆಯೇ ತೊಂದರೆ ಬಂದಿತ್ತು. ಹತ್ತನೇ ತಿಂಗಳಲ್ಲಿ ಎರಡು ಬಾರಿ ಸೈನಸ್ ಸೋಂಕು, ಹನ್ನೊಂದರಲ್ಲಿ ನ್ಯುಮೋಕಾಕಸ್‌ನಿಂದ ನ್ಯುಮೋನಿಯಾ. ಆರು, ಏಳು, ಎಂಟನೇ ತಿಂಗಳುಗಳಲ್ಲಿ ನ್ಯುಮೋಕಾಕಸ್ ಲಸಿಕೆಯ ಮೂರು ಡೋಸ್‌ಗಳನ್ನು ಕ್ರಮವಾಗಿ ಕೊಟ್ಟಿದ್ದರೂ ಹೀಗಾಯಿತು. ಕಸಿಯಾದ 3ರಿಂದ 6 ತಿಂಗಳೊಳಗೆ ಈ ಲಸಿಕೆ ಆರಂಭಿಸಬೇಕೆಂಬುದು ಸರಿಯಾದ ಸಲಹೆಯೇ, ಏಕೆಂದರೆ ಅಪಾಯವೂ ಬೇಗನೇ ಆರಂಭವಾಗುತ್ತದೆ. ಆದರೆ ಲಸಿಕೆ ಕೊಟ್ಟದ್ದನ್ನು ರಕ್ಷಣೆ ಬಂದದ್ದೆಂದು ದಾಖಲಿಸಬಾರದು. ಏಳನೇ ತಿಂಗಳಲ್ಲಿ ಆಕೆಯ ಬಿ ಕೋಶಗಳಿದ್ದದ್ದು 12. ಅವುಗಳಿಗೆ ಮೊದಲ ಬಗೆಯ ಪ್ರತಿಕಾಯವಾದ ಐಜಿಎಂನಿಂದ ಮುಂದಿನ ಬಗೆಯಾದ ಐಜಿಜಿಗೆ ಬದಲಾಗಲು, ನೆನಪಿನ ಕೋಶಗಳಾಗಲು ಸಿಡಿ4 ಕೋಶಗಳ ನೆರವು ಬೇಕು, ಅವೂ ಇರಲಿಲ್ಲ. ಬಾಯಿಯಲ್ಲಿ ಸೌಮ್ಯ ದೀರ್ಘಕಾಲಿಕ ಜಿವಿಎಚ್‌ಡಿಯ ಬಿಳಿ ಗೆರೆಗಳೂ ಆ ವೇಳೆಗೆ ಕಾಣಿಸಿಕೊಂಡಿದ್ದವು. ಡೆಕ್ಸಾಮೆಥಾಸೋನ್ ದ್ರಾವಣದಿಂದ ಬಾಯಿ ಮುಕ್ಕಳಿಸಿದ್ದಷ್ಟೇ ಅದಕ್ಕೆ ಸಾಕಾಯಿತು, ಆದರೆ ದೀರ್ಘಕಾಲಿಕ ಜಿವಿಎಚ್‌ಡಿ ಇರುವವರಲ್ಲಿ ಗುಲ್ಮದ ಕೆಲಸವೂ ಕುಂದಿ, ನ್ಯುಮೋಕಾಕಸ್‌ನಂತಹ ಕವಚವಿರುವ ಬ್ಯಾಕ್ಟೀರಿಯಾಗಳ ಭಯ ಇನ್ನಷ್ಟು ಹೆಚ್ಚುತ್ತದೆ. ಪೆನಿಸಿಲಿನ್ ಮಾತ್ರೆಯನ್ನು ಆಗ ಆರಂಭಿಸಲಾಯಿತು. ಮೊದಲೇ ಆರಂಭಿಸಬೇಕಿತ್ತು.

ರಕ್ತದಲ್ಲಿ ಐಜಿಜಿ ಪ್ರತಿ ಡೆಸಿಲೀಟರಿಗೆ 310 ಮಿಲಿಗ್ರಾಂ ಇತ್ತು. 400ಕ್ಕಿಂತ ಕಡಿಮೆಯಿದ್ದು, ಗಂಭೀರ ಸೋಂಕುಗಳೂ ಮರುಕಳಿಸುತ್ತಿದ್ದುದರಿಂದ, ಹನ್ನೊಂದನೇ ತಿಂಗಳಿನಿಂದ ಹದಿನೇಳನೇ ತಿಂಗಳವರೆಗೆ ಪ್ರತಿ ತಿಂಗಳೂ ಇಮ್ಯುನೊಗ್ಲಾಬುಲಿನ್ ಡ್ರಿಪ್ ಕೊಡಲಾಯಿತು. ಸೋಂಕುಗಳು ನಿಂತವು. ಈ ಅವಧಿಯಲ್ಲಿ ಮಾಡಿಸಿದ ಒಂದು ಪರೀಕ್ಷೆಯಲ್ಲಿ ದಡಾರ, ನ್ಯುಮೋಕಾಕಸ್, ಹೆಪಟೈಟಿಸ್ ಬಿ ಎಲ್ಲದಕ್ಕೂ ಪ್ರತಿಕಾಯ ಇದೆ ಎಂದು ಬಂದಾಗ ಮನೆಯವರಿಗೆ ಬಹಳ ಸಂತೋಷವಾಯಿತು. ಅವರಿಗೆ ಕುಳಿತು ವಿವರಿಸಬೇಕಾಯಿತು: ಆ ಪ್ರತಿಕಾಯಗಳು ರೋಗಿಯವಲ್ಲ, ತಮ್ಮನ ಕೋಶಗಳು ತಯಾರಿಸಿದವೂ ಅಲ್ಲ, ಡ್ರಿಪ್ಪಿನ ಬಾಟಲಿಗೆ ಪ್ಲಾಸ್ಮಾ ದಾನ ಮಾಡಿದ ಸಾವಿರಾರು ಅಪರಿಚಿತರವು. ಸುಮಾರು ಮೂರು ವಾರಕ್ಕೆ ಅರ್ಧದಂತೆ ಅವು ಕರಗಿಹೋಗುತ್ತವೆ. ಅವು ಕರಗುವವರೆಗೆ ಯಾವ ಪ್ರತಿಕಾಯ ಪರೀಕ್ಷೆಯ ಫಲಿತಾಂಶವನ್ನೂ ನಂಬಬಾರದು.

ಹನ್ನೆರಡನೇ ತಿಂಗಳಲ್ಲೇ ಬಿ ಕೋಶಗಳ ಸಂಖ್ಯೆ 180ಕ್ಕೆ ಏರಿ ಸಾಮಾನ್ಯ ಮಟ್ಟಕ್ಕೆ ಬಂದಿತ್ತು. ಬಿಡಿಸಿ ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಹೊಸದಾಗಿ ಹುಟ್ಟಿದ, ಏನನ್ನೂ ಕಾಣದ ಕೋಶಗಳು. ನೆನಪಿನ ಬಿ ಕೋಶಗಳು 2ಕ್ಕಿಂತ ಕಡಿಮೆ. ಈ ಕೋಶಗಳು ಪೂರ್ತಿಯಾಗಿ ಮರಳಲು ಕೆಲವರಲ್ಲಿ ಐದು ವರ್ಷ ಹಿಡಿಯುವುದೂ ಉಂಟು. ಆದ್ದರಿಂದ ಇಮ್ಯುನೊಗ್ಲಾಬುಲಿನ್ ನಿಂತು ನಾಲ್ಕು ತಿಂಗಳಾದ ಮೇಲೆ, ಸಿಡಿ4 360 ದಾಟಿದ್ದಾಗ, ನ್ಯುಮೋಕಾಕಸ್ ಲಸಿಕೆಯನ್ನು ಮತ್ತೊಮ್ಮೆ ಕೊಡಲಾಯಿತು. ಸಕ್ಕರೆಯ ಕವಚವನ್ನು ಪ್ರೋಟೀನಿಗೆ ಬೆಸೆದ ಕಾಂಜುಗೇಟ್ ಬಗೆಯನ್ನೇ ಆರಿಸಲಾಯಿತು. ಬರಿಯ ಸಕ್ಕರೆಯ ಲಸಿಕೆ ಟಿ ಕೋಶಗಳ ನೆರವನ್ನು ಕರೆಯಲಾರದು, ಹಾಗಾಗಿ ಬಾಳುವ ನೆನಪನ್ನು ಕಟ್ಟಲಾರದು. ಹೆಪಟೈಟಿಸ್ ಬಿ ಲಸಿಕೆಯ ಸರಣಿ ಮುಗಿದ ಮೇಲೆ ಪ್ರತಿಕಾಯ 34 ಇತ್ತು, ರಕ್ಷಣೆಗೆ 10 ಸಾಕು. ತಾನಾಗಿ ಗಳಿಸಿದ್ದೆಂದು ನೆಚ್ಚಬಹುದಾದ ಮೊದಲ ಪ್ರತಿಕಾಯ ಅದು, ಕಸಿಯಾಗಿ 23ನೇ ತಿಂಗಳಲ್ಲಿ.

ಮನೆಯ ಇತರರೆಲ್ಲ ಪ್ರತಿವರ್ಷ ಇನ್‌ಫ್ಲುಯೆಂಜಾ ಲಸಿಕೆ ಪಡೆಯುತ್ತಿದ್ದರು. ರೋಗಿಯಲ್ಲಿ ಲಸಿಕೆ ಹಿಡಿಯದಿದ್ದ ಎರಡು ವರ್ಷಗಳಲ್ಲಿ ಆಕೆಯ ಸುತ್ತಲಿನವರ ಲಸಿಕೆಯೇ ಆಕೆಯ ರಕ್ಷಣೆಯಾಗಿತ್ತು, ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದರಿಂದ ಅದಕ್ಕೆ ಮೂರು ಷರತ್ತುಗಳನ್ನು ಒಟ್ಟಿಗೆ ನೋಡಲಾಯಿತು: ಕಸಿಯಾಗಿ 2 ವರ್ಷ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ನಿಂತು 1 ವರ್ಷ, ಕೊನೆಯ ಇಮ್ಯುನೊಗ್ಲಾಬುಲಿನ್ ಕೊಟ್ಟು 8 ತಿಂಗಳು. ಬಾಯಿಯ ಜಿವಿಎಚ್‌ಡಿ ಹದಿನಾಲ್ಕನೇ ತಿಂಗಳಲ್ಲೇ ಮಾಯವಾಗಿತ್ತು. 24ನೇ ತಿಂಗಳ ಪರೀಕ್ಷೆಯಲ್ಲಿ ದಡಾರದ ಪ್ರತಿಕಾಯ ಇಲ್ಲವೆಂದು ಬಂತು. ಬಾಲ್ಯದಲ್ಲಿ ಗಳಿಸಿದ್ದೂ ಇಲ್ಲ, ಬಾಟಲಿಯಿಂದ ಬಂದದ್ದೂ ಇಲ್ಲ. ಮೂರೂ ಷರತ್ತುಗಳು ಪೂರೈಸಿದ 26ನೇ ತಿಂಗಳಲ್ಲಿ ಲಸಿಕೆಯ ಮೊದಲ ಡೋಸ್ ಕೊಡಲಾಯಿತು. 28ನೇ ತಿಂಗಳಲ್ಲಿ ದಡಾರದ ಐಜಿಜಿ ಕಂಡಿತು. ಲುಕೇಮಿಯಾ ಎಲ್ಲೂ ಇರಲಿಲ್ಲ. ನೆನಪಿನ ಬಿ ಕೋಶಗಳು 9 ಆಗಿದ್ದವು, ಇನ್ನೂ ಕಡಿಮೆಯೇ. ಪೆನಿಸಿಲಿನ್ ಮಾತ್ರೆ ಮುಂದುವರಿಯಿತು, ಮುಂದಿನ ಎಣಿಕೆ ಆರು ತಿಂಗಳ ನಂತರ ಎಂದು ಬರೆಯಲಾಯಿತು.